ಓರೆ ಪಟ್ಟಿಯ ಹಿಂಬದಿ

"ಹಿಂದುಗಡೆ ಯಾಕೆ ನೋಡುತ್ತಿದ್ದೀರಿ? ಜನ ನೋಡುವುದು ಮುಂಭಾಗವನ್ನು ತಾನೇ?" ಎಂದು ಪ್ರದರ್ಶನ ಏರ್ಪಡಿಸುತ್ತಿದ್ದ ಗ್ಯಾಲರಿಯ ಕ್ಯುರೇಟರ್ ಮೊದಲ ದಿನವೇ ಕೇಳಿದಾಗ ನನಗೆ ಮೈಯೆಲ್ಲ ಉರಿಯಿತು. ಆಗಿನ್ನೂ ಬಟ್ಟೆಯನ್ನು ಮೇಜಿನ ಮೇಲೆ ಸರಿಯಾಗಿ ಹರಡಿಯೂ ಇರಲಿಲ್ಲ. ಹಳೆಯ ಬಟ್ಟೆಗಳನ್ನು ಜೋಪಾನ ಮಾಡಿ ಪ್ರದರ್ಶನಕ್ಕೆ ಸಿದ್ಧಗೊಳಿಸುವುದು ನನ್ನ ಕೆಲಸ. ಎಜ್‌ವೇರ್‌ನಲ್ಲಿ, ಲಂಡನ್ನಿನ ಟ್ಯೂಬ್ ರೈಲಿನ ಹಳಿ ಮುಗಿಯುವ ಕಡೆ, ಒಂದು ಅಂಗಡಿಯ ಮೇಲಿನ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದಿದ್ದೇನೆ. ಬಟ್ಟೆಯ ನಿಜವಾದ ಬಣ್ಣ ಮಾಸದೆ ಉಳಿದಿರುವುದು ಹಿಂಬದಿಯಲ್ಲಿ, ಯಾರು ಎಲ್ಲಿ ತೇಪೆ ಹಾಕಿದ್ದಾರೆ ಎನ್ನುವುದು ಗೊತ್ತಾಗುವುದೂ ಅಲ್ಲೇ ಎಂದು ಅವನಿಗೆ ವಿವರಿಸಿದೆ. ಅವನು ಫೋನ್ ನೋಡುತ್ತಿದ್ದ.

ನಾನು ಹೇಳಿದ್ದು ವೃತ್ತಿಯ ಕಾರಣ. ಅಸಲು ಕಾರಣ ನನ್ನ ಅವ್ವ. ಧಾರವಾಡದಲ್ಲಿ ಕಸೂತಿ ಹಾಕುವ ಹೆಂಗಸರ ನಡುವೆ ಬೆಳೆದವರಿಗೆ ಬಟ್ಟೆ ಕೈಗೆ ಬಂದರೆ ಮೊದಲು ತಿರುಗಿಸಿ ನೋಡುವುದು ರೂಢಿ. ಕಸೂತಿಯ ಗವಂತಿ ಹೊಲಿಗೆ ಎರಡೂ ಕಡೆ ಒಂದೇ ಥರ ಕಾಣಬೇಕು, ಗಂಟು ಹಾಕಕೂಡದು, ದಾರದ ಬಾಲ ಬಿಡಕೂಡದು. ನನ್ನ ಅವ್ವನಂತೂ ನಾವಿರುವ ಕೆಂಟನ್‌ನಲ್ಲಿ ನಮ್ಮ ಊರ ಕಡೆಯವರು ಯಾರ ಮನೆಯಲ್ಲಿ ಸೇರಿದರೂ, ಎದುರು ನಿಂತವಳ ಸೆರಗನ್ನು ಮಾತಾಡುತ್ತಲೇ ಮಗುಚಿ ನೋಡಿಬಿಡುತ್ತಾಳೆ. ನಾನು ಎಷ್ಟು ಸಲ ನಾಚಿಕೆಯಿಂದ ತಲೆ ತಗ್ಗಿಸಿದ್ದೇನೋ ಲೆಕ್ಕವಿಲ್ಲ. ಆದರೆ ಅದೇ ಚಟ ನನ್ನ ಕೈಗೂ ಅಂಟಿದೆ, ಮತ್ತು ಈ ಬಟ್ಟೆಯ ವಿಷಯದಲ್ಲಿ ಅದೇ ಚಟ ನನ್ನನ್ನು ಹಳ್ಳಕ್ಕೆ ದೂಡುವುದರಲ್ಲಿತ್ತು.

ಪ್ರದರ್ಶನದ ವಿಷಯವೇನೋ ಚೆನ್ನಾಗಿತ್ತು. ಕಳೆದ ಶತಮಾನದ ಆರಂಭದಲ್ಲಿ ರಷ್ಯಾದ ಕೆಲವು ಹೊಸ ಚಿತ್ರಕಾರರು ಪ್ಯಾರಿಸ್ಸಿನ ಕಡೆ ನೋಡಿ ನೋಡಿ ಸಾಕಾಗಿ ತಮ್ಮದೇ ಹಳ್ಳಿಗಳ ಕಡೆ ತಿರುಗಿದರು. ರೈತರ ಮನೆಯ ಮೂಲೆಯಲ್ಲಿ ಎತ್ತರಕ್ಕೆ ತೂಗುಹಾಕುವ ದೇವರ ಪಟ, ಸಂತೆಯಲ್ಲಿ ಮಾರುವ ಮರದಚ್ಚಿನ ಚಿತ್ರ, ನೂಲುವ ಹಲಗೆಯ ಮೇಲಿನ ಬಣ್ಣ, ಟವೆಲಿನ ಅಂಚಿನ ಕೆಂಪು ಕಸೂತಿ, ಇವೆಲ್ಲ ಅವರ ಕುಂಚಕ್ಕೆ ಇಳಿದವು. ಮುಂದೆ ಅವರಲ್ಲೇ ಕೆಲವರು ಮನುಷ್ಯ, ಕುದುರೆ, ಗಿಡ ಎಲ್ಲವನ್ನೂ ಕೈಬಿಟ್ಟು ಬರಿಯ ಚೌಕ, ಪಟ್ಟಿ, ಗೆರೆಗಳಿಗೆ ಬಂದು ನಿಂತರು. ಆ ಚೌಕ ಪಟ್ಟಿಗಳ ನಕ್ಷೆಗಳನ್ನು ಮತ್ತೆ ಹಳ್ಳಿಯ ಹೆಂಗಸರ ಕೈಗೇ ಕೊಟ್ಟು ಬಟ್ಟೆಯ ಮೇಲೆ ಹೊಲಿಸಿದ್ದೂ ಉಂಟು. ಅಂಥ ಒಂದು ಬಟ್ಟೆ ನನ್ನ ಮೇಜಿನ ಮೇಲೆ ಬಂದು ಕೂತಿತ್ತು.

ಅಗಸೆ ನಾರಿನ ಬಟ್ಟೆ, ಊಟದ ಮೇಜಿಗೆ ಅಡ್ಡ ಹಾಸುವಷ್ಟು ಉದ್ದ. ಎರಡೂ ತುದಿಗೆ ಎಳೆ ಎಣಿಸಿ ಹಾಕಿದ ಕೆಂಪು ಅಂಚು. ನಡುವೆ ಚಿತ್ರಕಾರನ ನಕ್ಷೆ: ಒಂದು ಕಪ್ಪು ಚೌಕ, ಒಂದು ತೆಳು ನೀಲಿ ಗೆರೆ, ಮತ್ತು ಇಡೀ ಬಟ್ಟೆಗೆ ಅಡ್ಡವಾಗಿ ಇನ್ನೇನು ಬೀಳುತ್ತದೆ ಎನ್ನುವಂತೆ ವಾಲಿದ ದಪ್ಪ ಕೆಂಪು ಪಟ್ಟಿ. ಆ ಪಟ್ಟಿಯ ಕೆಳತುದಿ ಅಂಚಿಗೆ ತಾಗಿಯೂ ತಾಗದಂತಿತ್ತು.

ಬಟ್ಟೆಯ ಒಡತಿ ಲಂಡನ್ನಿನ ಇನ್ನೊಂದು ತುದಿಯ ಇಲ್ಫರ್ಡ್‌ನ ಒಬ್ಬ ವೃದ್ಧೆ. ಕೊರಿಯರಿನವರನ್ನು ನಂಬದೆ, ಹಳೆಯ ದಿಂಬಿನ ಚೀಲದೊಳಗೆ ಸುತ್ತಿ, ರೈಲಿನಲ್ಲಿ ಎದೆಗವಚಿಕೊಂಡು ತಾವೇ ತಂದುಕೊಟ್ಟಿದ್ದರು. ಅವರ ಷರತ್ತು ಒಂದೇ. ಬಟ್ಟೆಯನ್ನು ಹೊಲಿದದ್ದು ತಮ್ಮ ಅಜ್ಜಿ, ಫಲಕದ ಮೇಲೆ ಚಿತ್ರಕಾರನ ಹೆಸರಿನ ಜೊತೆ ಅಜ್ಜಿಯ ಹೆಸರೂ ಇರಬೇಕು.

"ನಮ್ಮಜ್ಜಿ ಸಾಯುವವರೆಗೂ ಆ ಚಿತ್ರಕಾರನನ್ನು ಬೈಯುತ್ತಿದ್ದಳಂತೆ," ಎಂದರು. "'ಮೆಟ್ಟಿಲು ಬೇಡ, ಇಳಿಜಾರು ಬೇಕು' ಅಂತ ಮತ್ತೆ ಮತ್ತೆ ಬಿಚ್ಚಿಸಿದನಂತೆ. ನಮ್ಮಮ್ಮ ಅದನ್ನು ಅಜ್ಜಿಯ ದನಿಯಲ್ಲೇ ಹೇಳಿ ತೋರಿಸುತ್ತಿದ್ದಳು. ಏನರ್ಥವೋ ನನಗೆ ಗೊತ್ತಿಲ್ಲ."

ನಾನು ಹೂಂಗುಟ್ಟಿದೆ. ಹಳೆಯ ಬಟ್ಟೆಯ ಜೊತೆ ಇಂಥದ್ದೊಂದು ಕತೆ ಬಂದೇ ಬರುತ್ತದೆ. ಒಬ್ಬರ ಮನೆಯ ರುಮಾಲು ಯಾವುದೋ ರಾಣಿಯ ಮೂಗು ಒರೆಸಿರುತ್ತದೆ, ಇನ್ನೊಬ್ಬರ ಶಾಲು ಅರಮನೆಯ ಬೆಂಕಿಯಿಂದ ಪಾರಾಗಿ ಬಂದಿರುತ್ತದೆ. ಕ್ಯುರೇಟರ್ ಅಂತೂ ಕತೆಯನ್ನು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. "ಪುರಾವೆ ಇಲ್ಲದೆ ಹೆಸರು ಹಾಕಲಾಗದು. ನೀವು ಪರೀಕ್ಷೆ ಮಾಡಿ ಹೇಳಿ," ಎಂದು ಹೊಣೆಯನ್ನು ನನ್ನ ತಲೆಗೆ ಕಟ್ಟಿ ಹೊರಟುಹೋದ.

ಧೂಳು ತೆಗೆಯುವುದರಿಂದ ಕೆಲಸ ಶುರುವಾಯಿತು. ಬಟ್ಟೆಯ ಮೇಲೆ ಸಣ್ಣ ಕಣ್ಣಿನ ಬಲೆ ಹಾಸಿ, ಅದರ ಮೇಲಿಂದ ತೀರ ಕಡಿಮೆ ಎಳೆತವಿರುವ ವ್ಯಾಕ್ಯೂಮ್ ಆಡಿಸಬೇಕು. ಆಮೇಲೆ ಬಣ್ಣದ ಪರೀಕ್ಷೆ. ಒದ್ದೆ ಮಾಡಿದ ಒತ್ತುಕಾಗದದ ಚೂರನ್ನು ಕೆಂಪು ಹೊಲಿಗೆಯ ಮೂಲೆಗೆ ಒತ್ತಿ ತೆಗೆದರೆ ಕಾಗದ ಗುಲಾಬಿಯಾಯಿತು. ಎಂದರೆ ಈ ಬಟ್ಟೆಗೆ ನೀರು ತಾಗಿಸುವ ಹಾಗಿಲ್ಲ, ಆವಿಯೂ ಕೂಡದು. ಇದೊಂದು ದೊಡ್ಡ ತೊಡಕು. ಏಕೆಂದರೆ ಓರೆ ಪಟ್ಟಿಯ ಸುತ್ತ ಬಟ್ಟೆ ಬಿಗಿದುಕೊಂಡು ಸುಕ್ಕುಗಟ್ಟಿತ್ತು, ಒಂದೆರಡು ಕಡೆ ನಾರು ಹರಿಯುವ ಹಂತಕ್ಕೆ ಬಂದಿತ್ತು. ಸಾಮಾನ್ಯವಾಗಿ ಇಂಥ ಸುಕ್ಕನ್ನು ತೇವದಿಂದ ಸಡಿಲಿಸುತ್ತೇವೆ. ಇಲ್ಲಿ ಆ ದಾರಿ ಮುಚ್ಚಿತು.

ಬಟ್ಟೆಯನ್ನು ಮಗುಚಿದೆ. ಅಂಚು ಮುಂದೆ ಹೇಗಿತ್ತೋ ಹಿಂದೆಯೂ ಹಾಗೇ ಇತ್ತು. ಗವಂತಿಯೇ! ಎಲ್ಲಿಯ ರಷ್ಯಾ, ಎಲ್ಲಿಯ ಧಾರವಾಡ ಎಂದು ಖುಷಿಯಿಂದ ಒಂದು ಕ್ಷಣ ಕೆಲಸ ಮರೆತೆ. ಆದರೆ ಓರೆ ಪಟ್ಟಿಯ ಹಿಂಬದಿ ಬೇರೆಯೇ ಇತ್ತು. ಗಂಟಿನ ಮೇಲೆ ಗಂಟು, ಅಡ್ಡಾದಿಡ್ಡಿ ಹಾದ ದಾರ, ಕತ್ತರಿಸದೆ ಬಿಟ್ಟ ಬಾಲಗಳು. ಇಷ್ಟು ಚಂದದ ಅಂಚು ಹಾಕಿದ ಕೈ ಇಂಥ ಕೆಲಸ ಮಾಡಲು ಸಾಧ್ಯವೇ ಇಲ್ಲ ಎಂದು ನನಗೆ ಅನ್ನಿಸಿತು. ಮೂಲದ ಪಟ್ಟಿ ಯಾವಾಗಲೋ ಹಾಳಾಗಿದೆ, ಆಮೇಲೆ ಯಾರೋ ಬರದವರು ಕೂತು ರಿಪೇರಿ ಮಾಡಿದ್ದಾರೆ, ಅಷ್ಟೇ.

ಆ ವಾರ ಕೆಂಟನ್‌ನ ಮನೆಯಲ್ಲಿ ಬಾಯ್ಲರ್ ಕೆಟ್ಟಿತ್ತು. ರಿಪೇರಿಯವನು ಇವತ್ತು ಬರುತ್ತೇನೆ, ನಾಳೆ ಬರುತ್ತೇನೆ ಎಂದು ಆಟ ಆಡಿಸುತ್ತಿದ್ದ. ಚಳಿಯಲ್ಲಿ ಅವ್ವನನ್ನು ಒಬ್ಬಳನ್ನೇ ಬಿಡಲಾರದೆ ಎಜ್‌ವೇರ್‌ಗೆ ಕರೆತರುತ್ತಿದ್ದೆ. ಹೀಟರಿನ ಪಕ್ಕ ಕುರ್ಚಿ ಹಾಕಿ, ಮೇಜಿನ ಹತ್ತಿರ ಬರಕೂಡದು ಎಂದು ತಾಕೀತು ಮಾಡಿದ್ದೆ. ಬಂದಳು.

"ಅವ್ವ, ಮುಟ್ಟಬ್ಯಾಡ."

"ಎಲ್ಲಿ ಮುಟ್ಟೇನಿ? ಕೈ ಹಿಂದ ಕಟ್ಟೀನಿ, ನೋಡಿಲ್ಲೆ." ಬಗ್ಗಿ ಅಂಚನ್ನು ನೋಡಿ, "ಅಬಬಾ, ಏನ್ ಕೈ ಅದ ಈಕಿದು! ಎಳಿ ಎಳಿ ಎಣಿಸ್ಯಾಳ," ಎಂದಳು. ಮರುಕ್ಷಣವೇ ಪಟ್ಟಿಯ ಕಡೆ ಕಣ್ಣು ಹೊರಳಿ ಮುಖ ಸಿಂಡರಿಸಿದಳು. "ಇದನ್ನ ಯಾವಾಕಿ ಹಾಕ್ಯಾಳ? ಗಂಟ ನೋಡ, ಗಂಟ! ಬಿಚ್ಚಿ ಒಗಿ ಇದನ್ನ. ಒಳ್ಳೆ ಬಟ್ಟಿ ಕೆಡಿಸ್ಯಾಳ."

ಅವ್ವ ಮತ್ತು ನಾನು ಒಂದೇ ಮಾತಿಗೆ ಬರುವುದು ಅಪರೂಪ. ಹಾಗಾಗಿ ನನಗೆ ಧೈರ್ಯ ಹೆಚ್ಚಾಯಿತು. ಓರೆ ಪಟ್ಟಿ ಬೇರೆ ಕೈಯದು, ನಂತರದ್ದು, ಅದರ ಬಿಗಿತದಿಂದ ಬಟ್ಟೆಗೆ ಅಪಾಯವಿದೆ, ಒಣಗಿದ್ದಂತೆಯೇ ಬಿಚ್ಚಿ ತೆಗೆಯುವುದು ಒಳ್ಳೆಯದು ಎಂದು ವರದಿ ಬರೆದು ಗ್ಯಾಲರಿಗೆ ಕಳಿಸಿದೆ.

ಕ್ಯುರೇಟರ್ ಕುಣಿದಾಡಿದ. ಬಿಚ್ಚಿದರೆ ಕೆಳಗೆ ಚಿತ್ರಕಾರ ಬಟ್ಟೆಯ ಮೇಲೆ ತನ್ನ ಕೈಯಾರೆ ಎಳೆದ ಶಾಯಿಗೆರೆ ಕಾಣುತ್ತದಲ್ಲ! ಅದೇ ಉಸಿರಿನಲ್ಲಿ, "ಹಾಗಾದರೆ ಅಜ್ಜಿಯ ಹೆಸರಿನ ಪ್ರಶ್ನೆಯೂ ಮುಗಿಯಿತು. ಮನೆಯವರು ಮಾಡಿದ್ದು ರಿಪೇರಿ ಇರಬೇಕು, ಕಸೂತಿಯಲ್ಲ. 'ಹೊಲಿದವರು ತಿಳಿದಿಲ್ಲ' ಅಂತ ಹಾಕೋಣ," ಎಂದ. ಅವನ ಮಾತಿನ ಧಾಟಿ ನನಗೆ ಸರಿಬರಲಿಲ್ಲ, ಆದರೆ ಅದಕ್ಕೆ ಬೇಕಾದ ಮದ್ದುಗುಂಡು ಕೊಟ್ಟವಳು ನಾನೇ. ಬಿಚ್ಚಲು ಒಡತಿಯ ಒಪ್ಪಿಗೆ ಬೇಕು. ಆ ಫೋನ್ ಮಾಡುವ ಕೆಲಸವನ್ನೂ ನನಗೇ ಹಚ್ಚಿದ.

ಇಲ್ಫರ್ಡ್‌ನ ವೃದ್ಧೆ ನನ್ನ ಮಾತನ್ನು ನಡುವೆ ತಡೆಯದೆ ಕೇಳಿದರು.

"ಅಂದರೆ ನಮ್ಮಜ್ಜಿ ಹೊಲಿದದ್ದಲ್ಲ ಅಂತೀರಿ."

"ಅಂಚಿನ ಬಗ್ಗೆ ಹೇಳಲಾರೆ. ಪಟ್ಟಿಯಂತೂ ಅದೇ ಕೈಯದಲ್ಲ."

"ಅವಳು ಬೈಯುತ್ತಿದ್ದದ್ದು ಆ ಪಟ್ಟಿಯ ಬಗ್ಗೆಯೇ," ಎಂದರು. "ನೀವು ಓದಿದವರು. ನಿಮಗೆ ಖಾತ್ರಿಯಿದ್ದರೆ ಬಿಚ್ಚಿ. ಅವಳದ್ದಲ್ಲದ್ದನ್ನು ಅವಳದ್ದು ಅಂತ ತೋರಿಸಿ ನನಗೇನಾಗಬೇಕು?" ಎಂದು ಫೋನ್ ಇಟ್ಟರು. ನನಗೆ ಆ ದಿನ ಊಟ ಸೇರಲಿಲ್ಲ. ಆದರೂ ನನಗೆ ಖಾತ್ರಿಯಿತ್ತು.

ಮರುದಿನ ಬೆಳಿಗ್ಗೆ ಬಟ್ಟೆಯ ಹಿಂಬದಿಯನ್ನು ಮೇಲೆ ಮಾಡಿ, ಭೂತಗನ್ನಡಿಯ ದೀಪವನ್ನು ಬಾಗಿಸಿ ಕೂತೆ. ಬಿಚ್ಚುವ ಮೊದಲು ಪ್ರತಿ ಗಂಟಿನ ಫೋಟೋ ತೆಗೆಯಬೇಕು. ಆಮೇಲೆ ಚಿಮಟದಿಂದ ದಾರವನ್ನು ಮೆಲ್ಲಗೆ ಎಳೆದು ಅದು ಎಲ್ಲಿಗೆ ಹೋಗುತ್ತದೆ ಎಂದು ನೋಡಿಕೊಂಡ ಮೇಲೆಯೇ ಕತ್ತರಿ. ಕೆಳತುದಿಯ ಗಂಟಿನಿಂದ ಶುರು ಮಾಡಿದೆ. ಎಡಗೈಯಲ್ಲಿ ಚಿಮಟ, ಬಲಗೈಯಲ್ಲಿ ಕತ್ತರಿ ಸಿದ್ಧವಾಗಿ ಹಿಡಿದಿದ್ದೆ. ಕೂದಲೆಳೆಯಷ್ಟು ಎಳೆದೆನೋ ಇಲ್ಲವೋ, ಪಕ್ಕದ ಅಂಚು ಮಿಸುಕಿತು.

ಕಣ್ಣಿನ ಭ್ರಮೆ ಎಂದುಕೊಂಡು ಮತ್ತೆ ಎಳೆದೆ. ಅಂಚಿನ ಒಂದು ಹೊಲಿಗೆ, ಆ ಎರಡೂ ಕಡೆ ಒಂದೇ ಥರ ಕಾಣುವ ಅಚ್ಚುಕಟ್ಟು ಹೊಲಿಗೆ, ಮತ್ತೆ ಬಿಗಿದು ಸಡಿಲವಾಯಿತು. ಕತ್ತರಿಯನ್ನು ಮೇಜಿನ ಮೇಲಿಡದೆ ಎದ್ದು ಹೋಗಿ ಕಪಾಟಿನೊಳಗಿಟ್ಟು ಬಂದೆ.

ಬಟ್ಟೆಯನ್ನು ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಜಿಗೆ ಸಾಗಿಸಿದೆ. ಇದನ್ನು ವರದಿ ಬರೆಯುವ ಮೊದಲೇ ಮಾಡಬೇಕಿತ್ತು. ಗಂಟುಗಳ ಮೇಲೆ ಬಂದ ಸಿಟ್ಟಿನಲ್ಲಿ ಅದು ಬೇಕೆಂದೇ ಅನ್ನಿಸಿರಲಿಲ್ಲ. ಈಗ ಬೆಳಕು ಬಿದ್ದಾಗ ದಾರದ ದಾರಿ ನೆರಳಿನ ಹಾಗೆ ಮೂಡಿತು. ಅಂಚಿನ ಕೊನೆಯ ಹೊಲಿಗೆ ಮುಗಿಸಿದ ದಾರ ಅಲ್ಲಿ ನಿಂತಿರಲಿಲ್ಲ. ಅದೇ ಹೊಲಿಗೆಗಳ ಅಡಿಯಲ್ಲಿ ನುಸುಳಿ, ಹೊರಬಂದು, ಕಡಿಯದೆ, ನೇರವಾಗಿ ಓರೆ ಪಟ್ಟಿಯ ಮೊದಲ ಗಂಟಿನೊಳಗೆ ಹೋಗಿತ್ತು. ಒಂದೇ ದಾರ. ಅಂಚು ಹಾಕಿದವಳೇ, ಸೂಜಿಯಿಂದ ದಾರ ತೆಗೆಯದೆಯೇ, ಆ ದರಿದ್ರ ಗಂಟುಗಳನ್ನೂ ಹಾಕಿದ್ದಳು.

ಯಾಕೆ? ಇಷ್ಟು ಬರುವವಳು ಯಾಕೆ ಹೀಗೆ ಮಾಡಿದಳು? ಅದಕ್ಕೂ ಉತ್ತರ ಬೆಳಕಿನಲ್ಲೇ ಇತ್ತು. ಪಟ್ಟಿಯ ಓರೆ ಅಂಚಿನ ಹೊರಗೆ, ಖಾಲಿ ಬಟ್ಟೆಯಲ್ಲಿ, ಸೂಜಿಯ ತೂತುಗಳಿದ್ದವು. ಒಂದಷ್ಟು ಅಡ್ಡ, ಒಂದಷ್ಟು ಮೇಲೆ, ಮತ್ತೆ ಅಡ್ಡ, ಮತ್ತೆ ಮೇಲೆ. ಮೆಟ್ಟಿಲು ಮೆಟ್ಟಿಲಾಗಿ. ಅದರ ಪಕ್ಕದಲ್ಲಿ ಇನ್ನೊಂದು ಮೆಟ್ಟಿಲ ಸಾಲು, ಮೊದಲಿನದಕ್ಕಿಂತ ಚಿಕ್ಕ ಚಿಕ್ಕ ಮೆಟ್ಟಿಲುಗಳು. ಕೆಲವು ತೂತುಗಳಲ್ಲಿ ಅದೇ ಕೆಂಪು ದಾರದ ಪುಡಿ ಇನ್ನೂ ಸಿಕ್ಕಿಕೊಂಡಿತ್ತು.

ಎಳೆ ಎಣಿಸಿ ಹಾಕುವ ಹೊಲಿಗೆಗೆ ಉದ್ದ ಗೊತ್ತು, ಅಡ್ಡ ಗೊತ್ತು, ಮೂಲೆಯಿಂದ ಮೂಲೆಗೆ ಹೋಗುವುದು ಗೊತ್ತು. ಅದನ್ನು ಬಿಟ್ಟು ಮನಸ್ಸಿಗೆ ಬಂದಷ್ಟು ವಾಲಿಸು ಎಂದರೆ ಗೆರೆ ಮೆಟ್ಟಿಲಾಗಿಯೇ ಬರುತ್ತದೆ. ಇದು ನನಗೂ ಗೊತ್ತು, ಅವ್ವನಿಗೂ ಗೊತ್ತು. ಅವಳು ತನಗೆ ಬರುವ ರೀತಿಯಲ್ಲಿ ಹಾಕಿದ್ದಾಳೆ. ಬಿಚ್ಚಿಸಿದ್ದಾರೆ. ಮೆಟ್ಟಿಲನ್ನು ಚಿಕ್ಕದು ಮಾಡಿ ಹಾಕಿದ್ದಾಳೆ. ಮತ್ತೆ ಬಿಚ್ಚಿಸಿದ್ದಾರೆ. ಕೊನೆಗೆ ಎಣಿಕೆಯನ್ನೇ ಬಿಟ್ಟು, ಶಾಯಿಗೆರೆಯ ಮೇಲೆ ಸೂಜಿ ಹಾಯಿಸಿ, ತುಂಡು ತುಂಡಾಗಿ ಗಂಟು ಹಾಕಿ ಮುಗಿಸಿದ್ದಾಳೆ. ಮೆಟ್ಟಿಲು ಬೇಡ, ಇಳಿಜಾರು ಬೇಕು. ಇಲ್ಫರ್ಡ್‌ನ ವೃದ್ಧೆ ಮೊದಲ ದಿನವೇ ಇದನ್ನು ನನ್ನ ಮುಖಕ್ಕೇ ಹೇಳಿದ್ದರು. ಆ ತೂತುಗಳು ಅವರ ಕಣ್ಣಿಗೆ ಬಿದ್ದಿರಲು ಸಾಧ್ಯವಿಲ್ಲ. ಕತೆ ಬೇರೆ ಎಲ್ಲಿಂದ ಬರಬೇಕು?

ನನಗೆ ನನ್ನ ಮೇಲೆಯೇ ಎಷ್ಟು ರೇಗಿತೆಂದರೆ, ಹೀಟರಿನ ಪಕ್ಕ ಕೂತು ಅವರೆಕಾಳು ಬಿಡಿಸುತ್ತಿದ್ದ ಅವ್ವನ ಮೇಲೆ ಹರಿಹಾಯ್ದೆ. "ಬಿಚ್ಚಿ ಒಗಿ ಅಂದೆಲ್ಲ! ಬಾ ಇಲ್ಲೆ, ನೋಡ."

ಅವ್ವ ಬಂದು ಬೆಳಕಿನ ಮೇಲೆ ಬಗ್ಗಿದಳು. ನಾನು ಹೇಳುತ್ತ ಹೋದ ಹಾಗೆ ಅವಳ ಬೆರಳು ಗಾಳಿಯಲ್ಲೇ ಮೆಟ್ಟಿಲು ಹತ್ತಿ ಇಳಿಯಿತು. ಬಹಳ ಹೊತ್ತು ನೋಡಿದಳು.

"ನಾನೂ ತಪ್ಪ ಅಂದೆನಲ್ಲವಾ," ಎಂದಳು. ಆಮೇಲೆ ಅವಳಿಗೂ ರೇಗಿತು. "ಬಿಚ್ಚ ಅಂದವನ ಕೈಯಾಗ ಸೂಜಿ ಕೊಡಬೇಕಿತ್ತ! ಅವಗೇನ್ ಹೋಗೂದದ, ಗೆರಿ ಎಳದ ಹೋದ."

ವರದಿಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು ನಮ್ಮ ವೃತ್ತಿಯಲ್ಲಿ ಹೆಸರು ಕೆಡಿಸಿಕೊಳ್ಳುವ ಕೆಲಸ. ಆದರೆ ಬೇರೆ ದಾರಿ ಇರಲಿಲ್ಲ. ಮೊದಲು ಇಲ್ಫರ್ಡ್‌ಗೆ ಫೋನ್ ಮಾಡಿ, ನಾನು ಹೇಳಿದ್ದು ತಪ್ಪು, ಪಟ್ಟಿಯನ್ನು ಬಿಚ್ಚಿಲ್ಲ, ಬಿಚ್ಚುವುದೂ ಇಲ್ಲ ಎಂದೆ. ತೂತುಗಳ ವಿಷಯ ಹೇಳಿದಾಗ ಆ ಕಡೆಯಿಂದ ಮೂಗೆಳೆದುಕೊಳ್ಳುವ ಶಬ್ದ ಬಂತು. "ನಮ್ಮಮ್ಮ ಇರಬೇಕಿತ್ತು," ಎಂದರು.

ಕ್ಯುರೇಟರ್ ಇಷ್ಟು ಸುಲಭದವನಲ್ಲ. ಅವನ ಯೋಜನೆ ಬೇರೆಯೇ ಇತ್ತು. ರಷ್ಯಾದ ರೈತರು ದೇವರ ಪಟವನ್ನು ಮೂಲೆಯಲ್ಲಿ ತೂಗುಹಾಕುತ್ತಿದ್ದ ಹಾಗೆ ಈ ಬಟ್ಟೆಯನ್ನೂ ಹಲಗೆಗೆ ಬಿಗಿದು, ಸಭಾಂಗಣದ ಮೂಲೆಯಲ್ಲಿ ಎತ್ತರಕ್ಕೆ ಏರಿಸಬೇಕಂತೆ. ನನ್ನ ಬೆಳಕಿನ ಫೋಟೋಗಳನ್ನು ನೋಡಿ, "ಸ್ವಾರಸ್ಯವಾಗಿದೆ," ಎಂದ. "ಆದರೆ ನಮ್ಮ ವಾದ ಸರಳ. ಜಾನಪದದಿಂದ ಅಮೂರ್ತ ಕಲೆ ಸಹಜವಾಗಿ ಅರಳಿತು. ಈ ಗಂಟುಗಳು ಅದನ್ನು ಗೊಂದಲ ಮಾಡುತ್ತವೆ."

"ಸಹಜವಾಗಿ ಅರಳಿದ್ದರೆ ಆಕೆ ಯಾಕೆ ಅಷ್ಟು ಸಲ ಬಿಚ್ಚಬೇಕಿತ್ತು?"

"ನೋಡುವವರಿಗೆ ಅದೆಲ್ಲ ಬೇಡ."

"ಹಾಗಾದರೆ ಬಟ್ಟೆಯನ್ನು ಹಲಗೆಗೆ ಬಿಗಿಯುವವರನ್ನು ಬೇರೆ ಹುಡುಕಿಕೊಳ್ಳಿ," ಎಂದೆ. ಆ ಗ್ಯಾಲರಿ ಮತ್ತೆ ನನಗೆ ಕೆಲಸ ಕೊಡುವುದಿಲ್ಲ ಎನ್ನುವುದು ಅವನ ಮುಖದಲ್ಲೇ ಬರೆದಿತ್ತು. ಆದರೆ ಹಿಂಬದಿಯನ್ನು ಹಲಗೆಗೆ ಬಿಗಿದು ಮುಚ್ಚಿದರೆ ಇನ್ನು ಯಾರ ಕಣ್ಣಿಗೂ ಅದು ಬೀಳುವುದಿಲ್ಲ. ಮುಂದಿನವಳೊಬ್ಬಳು ನನ್ನ ಹಾಗೇ ಕತ್ತರಿ ಹಿಡಿದು ಕೂರುತ್ತಾಳೆ.

ಅವನನ್ನು ಬಗ್ಗಿಸಿದ್ದು ನಾನಲ್ಲ, ನಾನು ಬಟ್ಟೆಯ ಒಡತಿಗೆ ವಿಷಯ ತಿಳಿಸಿದ್ದಷ್ಟೇ. ಎರಡೂ ಬದಿ ಕಾಣಬೇಕು, ಅಜ್ಜಿಯ ಹೆಸರು ಇರಬೇಕು, ಇಲ್ಲದಿದ್ದರೆ ದಿಂಬಿನ ಚೀಲ ಹಿಡಿದುಕೊಂಡು ಬಂದು ವಾಪಸ್ಸು ಒಯ್ಯುತ್ತೇನೆ ಎಂದು ಇಲ್ಫರ್ಡ್‌ನಿಂದ ಅವನಿಗೆ ನೇರ ಫೋನ್ ಹೋಯಿತು. ಅಷ್ಟರಲ್ಲಿ ಪ್ರದರ್ಶನದ ಪೋಸ್ಟರುಗಳ ಮೇಲೆಲ್ಲ ಆ ಓರೆ ಪಟ್ಟಿ ಅಚ್ಚಾಗಿ, ಟ್ಯೂಬ್ ಸ್ಟೇಷನ್ನುಗಳ ಗೋಡೆ ಹತ್ತಿತ್ತು. ಒಪ್ಪಿಕೊಂಡ.

ಹರಿಯುವ ಹಂತಕ್ಕೆ ಬಂದಿದ್ದ ಜಾಗಗಳಿಗೆ ಆಚೆ ಕಾಣುವಷ್ಟು ತೆಳುವಾದ ರೇಷ್ಮೆ ಬಲೆಯ ಆಸರೆ ಕೊಟ್ಟು, ಸುಕ್ಕನ್ನು ಸುಕ್ಕಾಗಿಯೇ ಬಿಟ್ಟೆ. ಬಟ್ಟೆಯ ಅಂಚುಗಳನ್ನು ತೆರೆದ ಚೌಕಟ್ಟಿಗೆ ಹೊಲಿದು, ಮುಂದೆ ಹಿಂದೆ ಗಾಜಿನಂಥ ತಿಳಿ ಹಾಳೆ ನಿಲ್ಲಿಸಿ, ಗೋಡೆಯಿಂದ ದೂರ ಒಂದು ಕಾಲಿನ ಮೇಲೆ ನಿಲ್ಲಿಸುವಂತೆ ಮಾಡಿಸಿದೆ. ಕೆಲಸ ಮುಗಿಯುವವರೆಗೂ ಕ್ಯುರೇಟರ್ ದಿನಕ್ಕೊಂದು ತಕರಾರು ಕಳಿಸಿದ. ಚೌಕಟ್ಟು ದಪ್ಪವಾಯಿತು, ಕಾಲು ಕಾಣುತ್ತದೆ, ಹಿಂದೆ ಜನ ಓಡಾಡಿದರೆ ಮುಂದಿನವರಿಗೆ ನೆರಳು ಬೀಳುತ್ತದೆ. ನಾನು ಉತ್ತರ ಬರೆಯುವುದನ್ನೇ ಬಿಟ್ಟೆ.

ಉದ್ಘಾಟನೆಯ ದಿನ ಅವ್ವ ಇಳಕಲ್ ಸೀರೆ ಉಟ್ಟು, ಮೇಲೆ ನನ್ನ ದಪ್ಪ ಕೋಟು ಹಾಕಿಕೊಂಡು ಬಂದಳು. ಕ್ಯುರೇಟರ್ ಬಟ್ಟೆಯ ಮುಂದೆ ನಿಂತು ಭಾಷಣ ಮಾಡುತ್ತಿದ್ದ. ಆ ಓರೆ ಪಟ್ಟಿ ಭೂಮಿಯ ಸೆಳೆತ ಕಳಚಿಕೊಂಡು ಹಾರುತ್ತಿದೆಯಂತೆ. ಜನ ತಲೆದೂಗಿದರು. ಫಲಕ ನೋಡಿದೆ. ಚಿತ್ರಕಾರನ ಹೆಸರು ದಪ್ಪ ಅಕ್ಷರಗಳಲ್ಲಿತ್ತು. ಅಜ್ಜಿಯ ಹೆಸರು ತೀರ ಕೆಳಗೆ, ಬಗ್ಗಿ ಓದಬೇಕಾದಷ್ಟು ಸಣ್ಣದಾಗಿತ್ತು. ಅದನ್ನೂ ಜಗಳವಾಡಿಯೇ ಹಾಕಿಸಬೇಕಾಯಿತಲ್ಲ ಎಂದು ಮತ್ತೆ ಸಿಟ್ಟು ಬಂತು.

ಅವ್ವನಿಗೆ ಭಾಷಣ ತಿಳಿಯುವುದಿಲ್ಲ. ಅವಳು ಗುಂಪನ್ನು ಬಿಟ್ಟು ನೇರ ಹಿಂಬದಿಗೆ ಹೋದಳು. ಅಲ್ಲಿ ಆಗಲೇ ಒಬ್ಬರು ನಿಂತಿದ್ದರು, ಇಲ್ಫರ್ಡ್‌ನ ವೃದ್ಧೆ. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ನಾನು ಪರಿಚಯ ಮಾಡಿಸಲು ಹೊರಟವಳು ಸುಮ್ಮನೆ ನಿಂತೆ. ಅವ್ವ ಅಂಚನ್ನು ತೋರಿಸಿ ತನ್ನ ಎದೆ ಮುಟ್ಟಿಕೊಂಡಳು, ನನಗೂ ಇದು ಬರುತ್ತದೆ ಎನ್ನುವಂತೆ. ಆಮೇಲೆ ಗಂಟುಗಳನ್ನು ತೋರಿಸಿ, ಯಾರು ಎಂದು ಕೈ ತಿರುವಿದಳು.

"ಅಗಾಫ್ಯಾ," ಎಂದರು ವೃದ್ಧೆ.

ಅವ್ವ ಗಂಟುಗಳಿಗೆ ಇನ್ನಷ್ಟು ಹತ್ತಿರ ಬಗ್ಗಿದಳು. ಕೈ ಹಿಂದೆ ಕಟ್ಟಿಕೊಂಡೇ ಇದ್ದಳು. ನಮ್ಮ ಕಡೆ ಹಿರಿಯ ಹೆಂಗಸರ ಹೆಸರನ್ನು ಬರಿದಾಗಿ ಕರೆಯುವುದಿಲ್ಲ.

"ಅಗಾಫ್ಯವ್ವ," ಎಂದಳು.